ಬಸ್ಸೇ ಕಾಣದ ನಾಲ್ಕು ನಿಮಿಷ

ಕಾಲೇಜು ಹಾಸ್ಟೆಲ್, ರೂಮು ಮೂವತ್ತೊಂದು
ಮಂಗಳವಾರ ಮಧ್ಯಾಹ್ನ, ಕ್ಲಾಸು ತಪ್ಪಿಸಿ

ಪ್ರೀತಿಯ ಅಮ್ಮಾ,

ಕ್ಲಾಸು ತಪ್ಪಿಸಿ ಎಂದು ಓದಿದ ಕೂಡಲೇ ನಿನ್ನ ಹುಬ್ಬು ಮೇಲೆ ಹೋಗಿರುತ್ತದೆ. ಇಳಿಸು. ಒಂದೇ ಕ್ಲಾಸು, ಅದೂ ಅಟೆಂಡೆನ್ಸ್ ಕೊಟ್ಟೇ ಬಂದಿದ್ದೇನೆ.

ನಾನು ಇಲ್ಲಿ ಕ್ಷೇಮ ಎಂದು ಬರೆಯುವುದಿಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ಏಳು ವರ್ಷ, ಪ್ರತಿ ಭಾನುವಾರ, ಆ ವಾಕ್ಯ ಬರೆದೂ ಬರೆದೂ ಅದರಲ್ಲಿ ಏನೂ ಉಳಿದಿಲ್ಲ. ಮೊದಲು ರಫ್ ಕಾಪಿ ಬರೆಯಬೇಕು, ವಾರ್ಡನ್ ಕೆಂಪು ಪೆನ್ನಿನಲ್ಲಿ ತಿದ್ದಬೇಕು, ಆಮೇಲೆ ಫೇರ್ ಕಾಪಿ. ನಾನು "ಹೊಟ್ಟೆನೋವು" ಎಂದು ಬರೆದಿದ್ದರೆ ಅದು ನಿನ್ನ ಕೈಗೆ ಬರುವ ಹೊತ್ತಿಗೆ "ಊಟ ಚೆನ್ನಾಗಿದೆ" ಆಗಿರುತ್ತಿತ್ತು. ನಿನಗೆ ಬಂದದ್ದೆಲ್ಲ ಫೇರ್ ಕಾಪಿ. ಇದು ರಫ್. ಹೊಡೆದುಹಾಕಿದ್ದೂ ಕಾಣುತ್ತದೆ, ಅರ್ಧಕ್ಕರ್ಧ ಇಂಗ್ಲಿಷೂ ನುಗ್ಗುತ್ತದೆ. ಹಾಸ್ಟೆಲಿನಲ್ಲಿ ನಮ್ಮ ಭಾಷೆ ಮಾತಾಡಿದರೆ ಫೈನ್ ಹಾಕುತ್ತಿದ್ದರಲ್ಲ, ಬೈಯುವುದಿದ್ದರೆ ಅವರನ್ನೇ ಬೈ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀಯಾ? ಹದಿನೈದು ದಿನದಿಂದ ನಮ್ಮ ಫೋನು ಹೇಗಿದೆ ನೋಡು. "ಊಟ ಆಯ್ತಾ? ಸರಿ. ಡ್ಯೂಟಿಗೆ ಟೈಮಾಯ್ತು." ನಿನ್ನೆಯದು ಹನ್ನೊಂದು ಸೆಕೆಂಡು. ಅಷ್ಟರಲ್ಲಿ ನಾನು ಬಾಯಿ ತೆಗೆಯಲೂ ಆಗುವುದಿಲ್ಲ, ನಿನಗೇ ಗೊತ್ತು. ಒಂದು ಮಾತಾಡಲು ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವವಳು ನಾನು.

ವಿಷಯ ಇದು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನ ಸಣ್ಣ ಹಾಲಿನಲ್ಲಿ ನಮ್ಮ ಕ್ಲಾಸಿನ ವಿಡಿಯೊಗಳನ್ನು ತೋರಿಸುತ್ತಾರೆ. ಒಬ್ಬೊಬ್ಬರದು ನಾಲ್ಕು ನಿಮಿಷ. ಯಾರ ಬಗ್ಗೆ ಮಾಡಿದ್ದೇವೋ ಅವರು ಮುಂದಿನ ಸಾಲಿನಲ್ಲಿ ಕೂರಬೇಕು. ಎಲ್ಲರ ಮನೆಯವರೂ ಬರುತ್ತಾರೆ. ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಕೇಳುವ ಮೊದಲು ಕೆಲವು ತಪ್ಪು ಒಪ್ಪಿಕೊಳ್ಳುವುದಿದೆ.

ಮೊದಲನೆಯದು, ನಾನು ಮೊದಲು ಕೊಟ್ಟದ್ದು ನಿನ್ನ ಹೆಸರಲ್ಲ, ಚಿಕ್ಕಮ್ಮನದು. ಮನೆಯವರೊಬ್ಬರ ಪುಟ್ಟ ವಿಡಿಯೊ ಚಿತ್ರ ಮಾಡಿ ಎಂದಾಗ ತಲೆಗೆ ಬಂದದ್ದು ಅವಳ ಮನೆಯ ದೊಡ್ಡ ಕಿಟಕಿ, ಪುಸ್ತಕದ ಕಪಾಟು, ಟೀಚರಮ್ಮನ ಕನ್ನಡಕ. ಚಿಕ್ಕಮ್ಮ ಪರೀಕ್ಷೆಯ ಪೇಪರ್ ತಿದ್ದುವುದಿದೆ, ಆಗುವುದಿಲ್ಲ ಅಂದಳು. ಆಮೇಲೆ ನಿನ್ನ ಹತ್ತಿರ ಬಂದೆ. ನೀನು ಕೇಳಿದ್ದೆ, "ನನ್ನೇ ಯಾಕೆ?" ಅಂತ. ನಾನು "ಇನ್ಯಾರಮ್ಮ ಇದ್ದಾರೆ?" ಅಂದಿದ್ದೆ. ಅದು ಫೇರ್ ಕಾಪಿ.

ಮನೆಯಲ್ಲಿ ಶೂಟ್ ಮಾಡಿದ ಮೊದಲ ದಿನ ನೆನಪಿದೆಯಾ? ಯೂನಿಫಾರ್ಮಿನ ಶರ್ಟು ತೂಗುಹಾಕಿದ ಆ ಬಾಗಿಲ ಮುಂದೆ ಕುರ್ಚಿ ಹಾಕಿ, ಲೈಸೆನ್ಸಿನ ಫೋಟೊಗೆ ಕೂತ ಹಾಗೆ ಕೂತೆ ನೀನು. ಉಸಿರೂ ಬಿಡಲಿಲ್ಲ. ನಿನ್ನ ಬಗ್ಗೆ ಹೇಳು ಎಂದರೆ, "ಏನ್ ಹೇಳೋದು? ಲೈಸೆನ್ಸ್ ನಂಬರ್ ಹೇಳ್ಲಾ?" ನಿನ್ನ ಕನಸು ಏನು ಎಂದರೆ ಬಹಳ ಹೊತ್ತು ಯೋಚನೆ ಮಾಡಿ, "ಹಿಂದಿನ ಟೈರು ನಾಲ್ಕೂ ಹೊಸಾದಾದ್ರೆ ಸಾಕು." ನನಗೆ ಅಳು ಬರುವುದೊಂದು ಬಾಕಿ. ಹಲ್ಲುಕಚ್ಚಿ, ಅಮ್ಮಾ ಸಹಜವಾಗಿರು ಎಂದೆ. "ಇದೇ ಕಣೇ ನನ್ನ ಸಹಜ, ಇನ್ನೊಂದಿಲ್ಲ" ಅಂದೆ ನೀನು.

ಮಾರನೇ ದಿನ ಡಿಪೋ ಮ್ಯಾನೇಜರನ್ನು ಕೇಳಿ, ಒಪ್ಪಿಸಿ, ಬಸ್ಸಿನಲ್ಲೇ ಮಾಡೋಣ ಎಂದೆಯಲ್ಲ, ಅದು ನಿನ್ನ ಐಡಿಯಾ. ನಾನು ನಿನ್ನ ಹಿಂದಿನ ಒಂಟಿ ಸೀಟಿನಲ್ಲಿ ಕೂತೆ. ಕ್ಯಾಮೆರಾ ಮಂಡಿಯ ಮೇಲೆ. ಏಳು ವರ್ಷ ಹಾಸ್ಟೆಲು, ಈಗ ಕಾಲೇಜು. ಆ ಸೀಟಿನಲ್ಲಿ ಕೂತು ಎಷ್ಟು ಕಾಲವಾಗಿತ್ತು! ಡೀಸೆಲ್ ವಾಸನೆ, ಬಿಸಿ ರೆಕ್ಸಿನ್ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮತ್ತೆ ಒಂದನೇ ಕ್ಲಾಸಿನವಳಾದೆ. ಅಪ್ಪ ಹೋದ ಮೇಲೆ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದೆ ನೀನು ದಿನವೂ ಬಸ್ಸಿಗೆ ಕರೆದುಕೊಂಡು ಹೋಗುತ್ತಿದ್ದೆ. ನಿನ್ನ ಪಕ್ಕದ ಇಂಜಿನ್ ಮುಚ್ಚಳವೇ ನನ್ನ ಮೇಜು, ನನ್ನ ಹಾಸಿಗೆ. ಅದರ ಬಿಸಿಗೆ ಕಾಲು ತಾಗಿಸಿ ಮಲಗಿದರೆ ಯಾವ ಹೊಂಡಕ್ಕೂ ಎಚ್ಚರವಿಲ್ಲ. ಹೋಮ್‌ವರ್ಕ್ ಬರೆಯುವಾಗ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಬರೆದ ಅಕ್ಷರ ಗುಂಡಗೆ, ಓಡುವಾಗ ಬರೆದದ್ದು ಇರುವೆ ಸಾಲು. ಟೀಚರ್ ಇದೇನು, ಎರಡೆರಡು ಜನ ಬರೆದಿದ್ದೀರಾ ಎಂದು ಕೇಳಿದ್ದರು.

ಮತ್ತೆ ನನ್ನ ಕಾಲು. ನೀನು ಬ್ರೇಕು ಒತ್ತಿದಾಗಲೆಲ್ಲ ನಾನೂ ಬಲಗಾಲಿನಿಂದ ನೆಲ ಒತ್ತುತ್ತಿದ್ದೆ. ನಾನು ಒತ್ತದಿದ್ದರೆ ಬಸ್ಸು ನಿಲ್ಲುವುದಿಲ್ಲ ಎಂದೇ ನಂಬಿದ್ದೆ. ಡಿಪೋದವರೆಲ್ಲ ನನಗೆ ಬ್ರೇಕಮ್ಮ ಎಂದು ಹೆಸರಿಟ್ಟರು. ಈಗಲೂ ಭಯವಾದರೆ ಕಾಲು ತಾನಾಗಿ ನೆಲ ಒತ್ತುತ್ತದೆ. ಪರೀಕ್ಷೆಯಲ್ಲಿ, ಇಂಟರ್‌ವ್ಯೂನಲ್ಲಿ. ಈ ಪತ್ರ ಬರೆಯುವಾಗಲೂ.

ಮನೆಯಲ್ಲಿ ಬಾಯಿಬಿಡದವಳು ನೀನು, ಬಸ್ಸಿನಲ್ಲಿ ಎಷ್ಟು ಮಾತಾಡಿದೆ! ಎದುರಿಗಲ್ಲ, ಕನ್ನಡಿಯಲ್ಲಿ. ಮೇಲಿನ ಆ ಕನ್ನಡಿಯಲ್ಲಿ ನಿನ್ನ ಕಣ್ಣು ಮಾತ್ರ ಕಾಣುತ್ತಿತ್ತು. ನಾವು ಯಾವಾಗಲೂ ಮಾತಾಡಿದ್ದು ಹೀಗೆಯೇ ಅಲ್ಲವಾ? ಆ ಕಣ್ಣಿಗೆ ಸುಳ್ಳು ಹೇಳಲು ನನಗೆ ಚಿಕ್ಕಂದಿನಿಂದಲೂ ಬರಲಿಲ್ಲ. ಇಷ್ಟು ವರ್ಷ ಓಡಿಸಿ ಏನು ಕಲಿತೆ ಎಂದು ಕೇಳಿದೆ. ನೀನು ಗೇರು ಬದಲಾಯಿಸಿ, ಕನ್ನಡಿಯಿಂದ ಕಣ್ಣು ತೆಗೆದು ಹೇಳಿದೆ: "ಡ್ರೈವರ್ ಆದೋರು ರಸ್ತೆ ನೋಡ್ಬೇಕು. ಕಿಟಕಿ ಕಡೆ ನೋಡ್ಬಾರ್ದು. ನೋಡಿದ್ರೆ ಮನಸ್ಸು ಹೋಗ್ಬಿಡುತ್ತೆ." ನಾನು ಆಕ್ಸಿಡೆಂಟಿನ ಪಾಠ ಎಂದುಕೊಂಡು ತಲೆಯಾಡಿಸಿದೆ.

ಡಿಪೋದ ಟೀ ರೂಮಿನಲ್ಲಿ ಕಂಡಕ್ಟರ್ ಮಾಮ ಕ್ಯಾಮೆರಾಗೆ ಬಂದರು. "ಏಯ್ ಬ್ರೇಕಮ್ಮಾ, ಎಡಗಡೆಯಿಂದ ತೆಗೀ, ಬಲಗಡೆ ಹಲ್ಲು ಬಿದ್ದಿದೆ" ಎಂದು ತಿರುಗಿ ಕೂತರು. ವರ್ಷಕ್ಕೊಮ್ಮೆ ಡ್ರೈವರುಗಳು ರೂಟು ಆರಿಸಿಕೊಳ್ಳುವ ದಿನದ ಬಗ್ಗೆ ಅವರೇ ಹೇಳಿದ್ದು. ಸರ್ವಿಸ್ ಹೆಚ್ಚಾದವರಿಗೆ ಮೊದಲ ಆಯ್ಕೆ. "ಲಿಸ್ಟಲ್ಲಿ ನಿಮ್ಮಮ್ಮಂದು ಮೂರನೇ ಹೆಸರು. ಊರೊಳಗಿನ ರೌಂಡು ಕೇಳಿದ್ರೆ ಆರಾಮಾಗಿ ಸಿಗ್ತಿತ್ತು. ಇವ್ಳು ಏಳು ವರ್ಷ ಹದಿನೇಳನೇ ನಂಬರ್ರೇ ಬೇಕು ಅಂದ್ಲು. ಕಲ್ಲುಕ್ವಾರಿ ರೋಡು! ಇಳಿದ ಮೇಲೆ ಮೂಳೆಗಳೆಲ್ಲ ಇದಾವಾ ಅಂತ ಮುಟ್ಟಿ ನೋಡ್ಕೋಬೇಕು. ಯಾಕೆ ತಗೊಂಡೆ ಅಂತ ಕೇಳು, ಕೇಳು."

ಕೇಳಿದೆ. ನೀನು ಟೀ ಲೋಟ ತೊಳೆಯುತ್ತ, "ಅಲ್ಲಿ ಗಾಳಿ ಚೆನ್ನಾಗಿತ್ತು" ಅಂದೆ.

"ಗಾಳಿಯಂತೆ! ಧೂಳು ಕುಡಿದು ನಂಗೆ ಕೆಮ್ಮೇ ಹೋಗಿಲ್ಲ, ಇವ್ಳಿಗೆ ಗಾಳಿ!"

"ಅಣ್ಣಾ, ನಿಮ್ಮ ಟೀ ಆರ್ತಿದೆ" ಎಂದು ನೀನು ಮಾತು ಮುಗಿಸಿದೆ. ಮಾಮ ನನಗೆ ಕಣ್ಣು ಹೊಡೆದು, "ನೋಡಿದ್ಯಾ, ಕೂತ ಕಡೆಯಿಂದ್ಲೇ ಹಾರ್ನ್ ಹೊಡೀತಾಳೆ" ಅಂದರು. ಆಮೇಲೆ ಹಾರ್ನಿನ ಬಗ್ಗೆಯೂ ಹೇಳಿದರು. ಪ್ರತಿ ಡ್ರೈವರಿಗೂ ಒಂದು ಕೈ ಇರುತ್ತದಂತೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರ ಬಸ್ಸು ಎಂದು ಹೇಳಬಹುದಂತೆ. ನಿನ್ನದು ಎರಡು. ಒಂದು ಗಿಡ್ಡ, ಇನ್ನೊಂದು ಅದಕ್ಕಿಂತ ಗಿಡ್ಡ. ಪೀಂ, ಪಿಂ. ಯಾರನ್ನೋ ಗದರಿಸಿ ಆಮೇಲೆ ಪಾಪ ಅಂದ ಹಾಗೆ.

ಇಷ್ಟೆಲ್ಲ ಸಿಕ್ಕಿತ್ತು ನನ್ನ ಹತ್ತಿರ. ನಾನು ಏನು ಮಾಡಿದೆ ನಿನಗೆ ಗೊತ್ತೇ ಇದೆ. ಲ್ಯಾಪ್‌ಟಾಪ್ ಮುಂದೆ ಕೂತು ಚೊಕ್ಕಟ ಮಾಡಿದೆ. ಇಂಜಿನ್ನಿನ ಸದ್ದು ತೆಗೆದೆ. ಅಲುಗಾಡಿದ್ದು ಎಲ್ಲ ತೆಗೆದೆ. ಮಾಮ ಹೋದರು, ಡಿಪೋ ಹೋಯಿತು, ಹಾರ್ನ್ ಹೋಯಿತು. ಉಳಿದದ್ದು ಅಡಿಗೆಮನೆಯ ಕಿಟಕಿಯ ಬೆಳಕು, ನಿನ್ನ ಕೈ, ಗೋಡೆ ಗಡಿಯಾರ, ನೀನು ಶರ್ಟಿಗೆ ಇಸ್ತ್ರಿ ಹಾಕುವುದು. ಶುರುವಿನಲ್ಲಿ ಅಕ್ಷರ ಹಾಕಿದೆ: ಸಾರಿಗೆ ಇಲಾಖೆಯ ಉದ್ಯೋಗಿ. ನಿನ್ನ ಫೋನಿಗೆ ಕಳಿಸಿ, ಹೊಗಳಿಕೆಗೆ ಕಾಯುತ್ತ ಕೂತೆ.

ಎರಡು ನಿಮಿಷಕ್ಕೆ ಉತ್ತರ ಕೊಡುವವಳು ನೀನು, ಅರ್ಧ ಗಂಟೆ ಬಿಟ್ಟು ಫೋನು ಮಾಡಿದೆ. "ನೋಡ್ದೆ. ಬೆಳಕು ಚೆನ್ನಾಗಿ ಬಂದಿದೆ" ಅಂದೆ. ಆಮೇಲೆ, "ಇಲಾಖೆ ಉದ್ಯೋಗಿ ಅಂತ ಹಾಕಿದ್ಯಲ್ಲ, ಅದ್ಯಾರೇ? ನಾನೇನು ಫೈಲ್ ಓಡಿಸ್ತೀನಾ?" ನಾನು ನಕ್ಕೆ. ನೀನು ನಗಲಿಲ್ಲ. "ಎಲ್ಲಾ ಇದೆ. ಬಸ್ಸೇ ಇಲ್ವಲ್ಲೇ." ನಾನು ನಾಯ್ಸು, ಶೇಕು, ಫ್ರೇಮು ಎಂದು ಏನೇನೋ ಒದರಿದೆ. ನೀನು ಪೂರಾ ಕೇಳಿ, "ಇರ್ಲಿ ಬಿಡು, ಓದಿದೋಳು ನೀನು. ಟ್ರಿಪ್ಪಿಗೆ ಟೈಮಾಯ್ತು" ಎಂದು ಇಟ್ಟುಬಿಟ್ಟೆ. ಅವತ್ತು ಭಾನುವಾರ ಅಮ್ಮಾ. ನಿನ್ನ ವಾರದ ರಜೆ.

ಎಡಿಟಿಂಗ್ ಕಲಿಸುವ ಮೇಡಂಗೆ ತೋರಿಸಿದಾಗ ಅವರು ಎರಡು ಸಲ ನೋಡಿದರು. "ಚೆನ್ನಾಗಿದೆ. ಇವ್ರು ಯಾವ ಆಫೀಸಲ್ಲಿ ಇರೋದು?" ಎಂದು ಕೇಳಿದರು. ಎಲ್ಲರೂ ಅಲ್ಲೇ ಇದ್ದರು. ನನ್ನ ಕಾಲು ನೆಲ ಒತ್ತುತ್ತಿತ್ತು. ಗಂಟಲು ಸರಿಮಾಡಿಕೊಂಡು, "ಆಫೀಸಲ್ಲ ಮೇಡಂ, ಬಸ್ ಓಡಿಸ್ತಾರೆ" ಅಂದೆ. ಆ ಮಾತನ್ನು ಮನೆಯ ಹೊರಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸ್ಕೂಲ್ ಹಾಸ್ಟೆಲಿನಲ್ಲಿ ಏಳು ವರ್ಷವೂ ನನ್ನ ಬಾಯಲ್ಲಿ ನೀನು ಆಫೀಸಿನಲ್ಲೇ ಇದ್ದೆ. ತಿಂಗಳಿಗೊಮ್ಮೆ ಭೇಟಿಯ ಭಾನುವಾರ ನೀನು ಒಳ್ಳೆಯ ಬಟ್ಟೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ, ಯಾರಿಗೂ ಅನುಮಾನ ಬರಲಿಲ್ಲ. ಇದು ಎರಡನೆಯ ತಪ್ಪೊಪ್ಪಿಗೆ. ಇದು ನಿನಗೆ ಗೊತ್ತಿತ್ತೆಂದು ಕಾಣುತ್ತದೆ.

ಮೇಡಂ ಬೈಯಲಿಲ್ಲ. "ಎಸೆದದ್ದನ್ನೆಲ್ಲ ಮತ್ತೆ ತೆಗೆದು ಕೇಳು ಹೋಗು, ನೋಡ್ಬೇಡ, ಕೇಳು" ಅಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಇಂಜಿನ್, ಮಾಮನ ಸೀಟಿ, ಬಾಗಿಲ ಚಿಲಕ, ಯಾರದೋ ಮಗುವಿನ ಅಳು. ಡಿಪೋ ಹೊರಗಿನ ಆ ಕಿರಿದಾದ ತಿರುವು ಬಂತು. ಪೀಂ, ಪಿಂ.

ಅಮ್ಮಾ, ಆ ಸದ್ದನ್ನು ನಾನು ಏಳು ವರ್ಷ ದಿನಾ ಕೇಳಿದ್ದೇನೆ. ಸ್ಕೂಲ್ ಹಾಸ್ಟೆಲಿನ ಹಿಂದಿನ ಗೋಡೆಯ ಆಚೆ ರಸ್ತೆಯಿತ್ತಲ್ಲ. ಸಂಜೆ ಐದಕ್ಕೆ ನಮ್ಮ ಸ್ಟಡಿ ಅವರ್ ಶುರು. ಐದೂ ಇಪ್ಪತ್ತಕ್ಕೆ ಒಂದು ಬಸ್ಸು ಬರುತ್ತಿತ್ತು, ಗೋಡೆಯ ಹತ್ತಿರ ನಿಧಾನ ಮಾಡುತ್ತಿತ್ತು, ಪೀಂ, ಪಿಂ, ಮತ್ತೆ ಹೋಗುತ್ತಿತ್ತು. ಅಲ್ಲಿ ಸ್ಟಾಪೂ ಇಲ್ಲ, ತಿರುವೂ ಇಲ್ಲ. ಹುಡುಗಿಯರೆಲ್ಲ ಅದಕ್ಕೆ ಪೀಂಪೀಂ ಬಸ್ಸು ಎನ್ನುತ್ತಿದ್ದರು. ಆ ಹಾರ್ನಿನ ಮಿಮಿಕ್ರಿ ನನ್ನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಸ್ಟಡಿ ಹಾಲಿನ ಕಿಟಕಿಗಳು ತುಂಬ ಎತ್ತರ. ರಸ್ತೆ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಹಾಗಾಗಿ ಮೊನ್ನೆ ಹೆಡ್‌ಫೋನಿನಲ್ಲಿ ಕೇಳುವ ತನಕ ಅದು ನೀನೆಂದು ನನಗೆ ಗೊತ್ತೇ ಇರಲಿಲ್ಲ.

ಕೂತಲ್ಲೇ ಎಲ್ಲ ಹೊಂದಿಕೊಂಡಿತು. ಹದಿನೇಳನೇ ನಂಬರ್. ಕ್ವಾರಿ ರೋಡು. ಏಳು ವರ್ಷ. ನಾನು ಹಾಸ್ಟೆಲ್ ಬಿಟ್ಟ ವರ್ಷವೇ ನೀನು ಊರೊಳಗಿನ ರೌಂಡಿಗೆ ಬಂದದ್ದು. ನನ್ನ ಮೊದಲ ಫೇರ್ ಕಾಪಿಯಲ್ಲಿ ನಮ್ಮ ಟೈಮ್‌ಟೇಬಲ್ ಬರೆದಿದ್ದೆ. ವಾರ್ಡನ್ ಅದನ್ನು ಮಾತ್ರ ತಿದ್ದಿರಲಿಲ್ಲ. ಗಾಳಿ ಚೆನ್ನಾಗಿತ್ತಂತೆ! ಲ್ಯಾಬಿನಲ್ಲಿ ಎಲ್ಲರ ಮುಂದೆ ಅತ್ತೆ. ಪಕ್ಕದವಳು ಏನು, ಫೈಲ್ ಡಿಲೀಟ್ ಆಯ್ತಾ ಎಂದು ಗಾಬರಿಯಾದಳು.

ಎರಡು ರಾತ್ರಿ ಹಗಲು ಕೂತು ಹೊಸದಾಗಿ ಮಾಡಿದ್ದೇನೆ. ಈಗ ಬಸ್ಸೇ ಶುರು, ಬಸ್ಸೇ ಕೊನೆ. ಅಲುಗಾಡುತ್ತದೆ, ಅಲುಗಾಡಲಿ. ಟೈರಿನ ಕನಸು ಇದೆ. ಮಾಮನ ಹಲ್ಲು ಇದೆ. ಎಡಗಡೆಯಿಂದಲೇ ತೆಗೆದಿದ್ದೇನೆ ಎಂದು ಅವರಿಗೆ ಹೇಳು. ಕನ್ನಡಿಯಲ್ಲಿ ನಿನ್ನ ಕಣ್ಣು ಒಂದಿಡೀ ನಿಮಿಷ ಇದೆ. ಉದ್ಯೋಗಿ ಹೋಗಿ, "ನನ್ನ ಅಮ್ಮ, ಬಸ್ ಡ್ರೈವರ್" ಎಂದಾಗಿದೆ. ಇದನ್ನು ಫೋನಿಗೆ ಕಳಿಸುವುದಿಲ್ಲ. ಹಾಲಿನಲ್ಲಿ ದೊಡ್ಡ ಸ್ಪೀಕರ್ ಇದೆ. ಅದರಲ್ಲೇ ಕೇಳಬೇಕು.

ಶನಿವಾರ ಒಂದು ರಜೆ ಹಾಕು. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ನೇರ ಬಸ್ಸಿದೆ; ಅದರ ಡ್ರೈವರು ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತಾರೆ, ನೀನು ಹಿಂದೆ ಕೂತು ಗೊಣಗಬೇಡ. ಹಾಲು ಮುಖ್ಯ ಗೇಟಿನ ಎಡಕ್ಕೆ, ಕೆಂಪು ಮೆಟ್ಟಿಲು. ಮುಂದಿನ ಸಾಲಿನಲ್ಲಿ ನಿನ್ನ ಕುರ್ಚಿಯ ಮೇಲೆ ಕಾಗದ ಅಂಟಿಸಿರುತ್ತೇನೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಬರಬೇಕೆಂದೇನೂ ಇಲ್ಲ. ಯೂನಿಫಾರ್ಮಿನಲ್ಲಿ ಬಂದರೆ ನನಗೆ ಇಷ್ಟ. ಬರದಿದ್ದರೂ ಅರ್ಥ ಮಾಡಿಕೊಳ್ಳುತ್ತೇನೆ. (ಇಲ್ಲ. ಇದು ಫೇರ್ ಕಾಪಿ ವಾಕ್ಯ. ಬಾ.)

ನಿನ್ನ
ಬ್ರೇಕಮ್ಮ

ಮರೆತಿದ್ದು: ಕವರಿಗೆ ಹಾಕುವ ಮುಂಚೆ ಮತ್ತೊಮ್ಮೆ ಓದಿದೆ. ನೀನು ಓದುತ್ತ ಓದುತ್ತ ಕಿಟಕಿಯ ಮಾತು ಬಂದಲ್ಲಿ ನಿಲ್ಲಿಸಿರುತ್ತೀಯ. ಆ ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಆದರೆ ಹಾಗೆ ಮಾಡಿದರೆ ಇದೂ ಫೇರ್ ಕಾಪಿಯಾಗುತ್ತದೆ.

ಕಿಟಕಿ ಎತ್ತರವೇನೂ ಇರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಯಾರೋ "ಪೀಂಪೀಂ ಬಸ್ಸು ಓಡಿಸೋದು ಲೇಡಿ ಕಣ್ರೇ!" ಎಂದು ಕೂಗಿದಳು. ಎಲ್ಲರೂ ಕಿಟಕಿಗೆ ಓಡಿದರು, ನಾನೂ ಓಡಿದೆ. ನೀನು ತಲೆಯೆತ್ತಿ ನೋಡಿದೆ, ಕೈಯೆತ್ತಿದೆ. ಅಷ್ಟೂ ಹುಡುಗಿಯರು ನಿನಗೆ ಕೈ ಬೀಸಿದರು. ನಾನು ಕೆಳಗೆ ಕೂತುಬಿಟ್ಟೆ, ಬಿದ್ದೇ ಇರದ ರಬ್ಬರು ಹುಡುಕುತ್ತ. ಮಾರನೇ ದಿನದಿಂದ ನಾನು ಪರದೆಯ ಸಂದಿಯಲ್ಲಿ ನೋಡುತ್ತಿದ್ದೆ. ನೀನು ನಿಧಾನ ಮಾಡುತ್ತಿದ್ದೆ, ಎರಡು ಸಲ ಒತ್ತುತ್ತಿದ್ದೆ, ಕಣ್ಣು ಮಾತ್ರ ರಸ್ತೆಯ ಮೇಲೆ. ಮತ್ತೆ ಒಂದು ದಿನವೂ ಕಿಟಕಿ ಕಡೆ ನೋಡಲಿಲ್ಲ. ನಾನು ಕೂತದ್ದು ನಿನಗೆ ಕಂಡಿತ್ತು.

ಹಾರ್ನನ್ನು ಗಲಾಟೆಯೆಂದು ಅಳಿಸಿರಲಿಲ್ಲ ಅಮ್ಮಾ. ಅದೇನೆಂದು ಗೊತ್ತಿದ್ದೇ ಅಳಿಸಿದ್ದೆ.

ಶನಿವಾರ ಹತ್ತೂವರೆಯಿಂದಲೇ ಕೆಂಪು ಮೆಟ್ಟಿಲ ಮೇಲೆ ಇರುತ್ತೇನೆ. ಬಸ್ಸಿನಿಂದ ಇಳಿಯುವಾಗ ಈ ಕಡೆ ನೋಡು. ನಿಂತೇ ಇರುತ್ತೇನೆ, ಕೂರುವುದಿಲ್ಲ.